ಚಿಲಕವಿಲ್ಲದ ಬಚ್ಚಲುಮನೆ

ಹಡಗಿನ ಮೇಲಿಂದ,
ಪ್ರಯಾಣದ ಏಳನೆಯ ದಿನ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಿನ್ನ ಮೊಂಡಿ ಮಾಡುವ ನಮಸ್ಕಾರ.

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನೀನು ಹೆದರಿಸಿದ ಹಾಗೆ ವಾಂತಿಯಾಗಲಿ ತಲೆಸುತ್ತಾಗಲಿ ಇಲ್ಲ. ಈ ಕಾಗದ ಒಡೆದ ಕೂಡಲೇ ನೀನು ಹುಡುಕುವುದೇನೆಂದು ನನಗೆ ಗೊತ್ತು, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ಇವರು ಮಾತಾಡಿದರಾ? ಇಲ್ಲ. ಈಗ ಕನ್ನಡಕ ಒರೆಸಿಕೊಂಡು ನಿಧಾನವಾಗಿ ಮುಂದಕ್ಕೆ ಓದು. ಫೋನ್ ಮಾಡಬಹುದಿತ್ತು, ಆದರೆ ನಿನಗೆ ಫೋನಿನಲ್ಲಿ ಕೇಳಿಸಬೇಕಾದರೆ ನಾನು ಕಿರುಚಬೇಕು. ಇದು ಕಿರುಚಿ ಹೇಳುವ ವಿಷಯವಲ್ಲ.

ಇವರು ಹಡಗಿನ ಮೇಲಿನ ಡೆಕ್ಕಿನಲ್ಲಿ ಕುರ್ಚಿ ಹಾಕಿಕೊಂಡು ಸಮುದ್ರ ನೋಡುತ್ತಿದ್ದಾರೆ. ನಾನು ಕೋಣೆಯ ಮೇಜಿನ ಮುಂದೆ ಕುಳಿತಿದ್ದೇನೆ. ಇಂಥ ಕೋಣೆಗೆ ಇಲ್ಲಿ ಸೂಟ್ ಅನ್ನುತ್ತಾರೆ. ನಿನ್ನ ಮನೆಯ ಕೆಳಗಿನ ಭಾಗವೆಲ್ಲ ಇದರೊಳಗೆ ಹಿಡಿಯುತ್ತದೆ. ಹಾಸಿಗೆ ಒಂದೇ, ಆದರೆ ನಾಲ್ಕು ಜನ ಮಲಗುವಷ್ಟು ಅಗಲ. ಆಚೆ ಒಂದು ಪರದೆ, ಪರದೆಯ ಹಿಂದೆ ಸೋಫಾ, ಅದರಾಚೆ ಬಾಲ್ಕನಿ. ಹೂದಾನಿಯ ಪಕ್ಕದಲ್ಲಿ ನಲವತ್ತನೆಯ ಮದುವೆ ದಿನದ ಶುಭಾಶಯ ಬರೆದ ಕಾರ್ಡು, ನಮ್ಮ ಮಗಳ ಹೆಸರಿನಲ್ಲಿ. ಪಾಪ, ಅವಳಿಗೆ ಏನು ಗೊತ್ತು. ಅವಳು ಬಂದಾಗಲೆಲ್ಲ ನಾವಿಬ್ಬರೂ ಅವಳ ಜೊತೆ ಬಾಯಿ ತುಂಬ ಮಾತಾಡುತ್ತೇವೆ, ಅಪ್ಪ ಅಮ್ಮ ಒಬ್ಬರ ಕಡೆಗೊಬ್ಬರು ತಿರುಗಿ ಒಂದು ಮಾತೂ ಆಡಲಿಲ್ಲ ಅನ್ನುವುದು ಅವಳ ಗಮನಕ್ಕೆ ಬಂದಿಲ್ಲ. ಅವಳ ಕಿವಿಯಲ್ಲಿ ಹಡಗಿನ ಮಾತು ಊದಿದವಳು ನೀನು. ಒಂದು ವಾರ ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಕಲ್ಲು ಕೂಡ ಬಾಯಿಬಿಡುತ್ತದೆ ಅಂದಿದ್ದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾವು ಹನ್ನೆರಡು ವರ್ಷದಿಂದ ಉಂಡು ಮಲಗುತ್ತಲೇ ಇದ್ದೇವೆ.

ಹಾಸಿಗೆಯನ್ನು ಎರಡು ಮಾಡಿಕೊಡಿ ಎಂದು ಕೇಳಲು ನಾಚಿಕೆಯಾಯಿತು. ಇವರಿಗೆ ಬೆನ್ನುನೋವು, ಅದಕ್ಕೆ ಹಾಸಿಗೆ ಅವರಿಗಾಯಿತು, ಪರದೆಯ ಹಿಂದಿನ ಸೋಫಾ ನನಗಾಯಿತು. ಅವರು ದಿಂಬು ತೆಗೆದು ಸೋಫಾದ ಮೇಲಿಟ್ಟರು, ಅಷ್ಟೇ ತೀರ್ಮಾನ.

ಇನ್ನು ಬಚ್ಚಲುಮನೆ. ಅಕ್ಕಾ, ನೀನು ನೋಡಿದ್ದರೆ ನಕ್ಕು ನಕ್ಕು ಸಾಯುತ್ತಿದ್ದೆ. ಹಾಲುಗಲ್ಲಿನ ನೆಲ, ಈಜುವಷ್ಟು ದೊಡ್ಡ ತೊಟ್ಟಿ, ಬಾಗಿಲು ತೆರೆದ ಕೂಡಲೇ ತಾವಾಗಿ ಹೊತ್ತಿಕೊಳ್ಳುವ ದೀಪಗಳು. ಗಂಡ ಹೆಂಡತಿ ಒಟ್ಟಿಗೆ ನಿಂತು ಹಲ್ಲುಜ್ಜಲಿ ಎಂದು ಎರಡು ಸಿಂಕು. ಇಷ್ಟೆಲ್ಲ ಇಟ್ಟವರು ಒಂದು ಚಿಲಕ ಇಟ್ಟಿಲ್ಲ! ಜಾರುಬಾಗಿಲು, ಎಷ್ಟು ಎಳೆದರೂ ಒಂದು ಬೆರಳಿನಷ್ಟು ಸಂದು ಉಳಿಯುತ್ತದೆ. ಕಮೋಡಿಗೆ ಪ್ರತ್ಯೇಕ ಗೂಡಿದೆ, ಆದರೆ ಅದರ ಗೋಡೆ ಮೇಲಿನ ತನಕ ಹೋಗುವುದಿಲ್ಲ. ಒಳಗೆ ಕೆಮ್ಮಿದರೂ ಹೊರಗೆ ಕೇಳಿಸುತ್ತದೆ. ಕೆಮ್ಮು ಅಂದೆ, ಉಳಿದದ್ದನ್ನು ನೀನೇ ಊಹಿಸಿಕೋ. ಇವನ್ನೆಲ್ಲ ಹೊಸದಾಗಿ ಮದುವೆಯಾದವರಿಗೆಂದು ಯಾರೋ ಹೊಸದಾಗಿ ಮದುವೆಯಾದವರೇ ಕಟ್ಟಿಸಿರಬೇಕು.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ. ಬಚ್ಚಲ ಬಾಗಿಲ ಹಿಡಿಕೆಗೆ ನೀಲಿ ಟವೆಲ್ ನೇತುಹಾಕಿದ್ದರೆ ಅವರು ಒಳಗಿದ್ದಾರೆ ಎಂದು, ಬಿಳಿಯದಾದರೆ ನಾನು. ಇಲ್ಲಿ ಟವೆಲ್‌ಗಳೆಲ್ಲ ಬಿಳಿ. ಮೊದಲ ದಿನ ಇಬ್ಬರೂ ಬಚ್ಚಲ ಬಾಗಿಲು ನೋಡುತ್ತಾ ಸ್ವಲ್ಪ ಹೊತ್ತು ನಿಂತೆವು. ಆಮೇಲೆ ನಾನೇ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡು ಸಮುದ್ರದ ಕಡೆ ಮುಖ ಮಾಡಿ ಕುಳಿತೆ. ಅವರ ಸ್ನಾನ ಮುಗಿದ ಮೇಲೆ ಬಾಲ್ಕನಿಯ ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದರು. ಬಾ ಎಂದು ಅರ್ಥ. ನಗಬೇಡ ಅಕ್ಕಾ, ಹನ್ನೆರಡು ವರ್ಷದಲ್ಲಿ ಅವರು ನನಗೆಂದೇ ಮಾಡಿದ ಮೊದಲ ಸದ್ದು ಅದು. ನನಗೆ ಕಣ್ಣು ತುಂಬಿಬಂತು. ನೀನು ಹೇಳಿದ್ದು ನಿಜವಾಗಿಬಿಡುತ್ತದೇನೋ ಅಂದುಕೊಂಡೆ. ಅವತ್ತಿನಿಂದ ಅವರು ಸ್ನಾನಕ್ಕೆ ಹೋದಾಗಲೆಲ್ಲ ನಾನು ಬಾಲ್ಕನಿಯಲ್ಲಿ, ಎರಡು ಸಲ ತಟ್ಟುವ ತನಕ ಹಿಂದಕ್ಕೆ ತಿರುಗಿದವಳಲ್ಲ.

ನನ್ನ ಸ್ನಾನ ನಸುಕಿನಲ್ಲಿ, ಅವರು ಏಳುವ ಮೊದಲು. ಹಗಲಲ್ಲಿ ನಾನು ಆ ಬಚ್ಚಲಿಗೆ ಕಾಲಿಡುತ್ತಿರಲಿಲ್ಲ, ಊಟದ ಹಾಲಿನ ಪಕ್ಕದ್ದಕ್ಕೇ ಹೋಗುತ್ತಿದ್ದೆ. ಕೋಣೆಯ ಕಿಟಕಿಗೆ ದಪ್ಪ ಪರದೆ, ಒಳಗೆ ಗವ್ವೆನ್ನುವ ಕತ್ತಲು. ನಾನು ಬೆಕ್ಕಿನ ಹಾಗೆ ಹೆಜ್ಜೆಯಿಟ್ಟು ಬಚ್ಚಲು ಸೇರುತ್ತಿದ್ದೆ. ಒಳಗೆ ಬೆಳಕೋ ಬೆಳಕು, ಒಂದು ಗೋಡೆಯಗಲಕ್ಕೂ ದೊಡ್ಡ ಕನ್ನಡಿ. ಆ ಕನ್ನಡಿಯ ಮುಂದೆ ನಿಂತು ನೀನು ಕಲಿಸಿಕೊಟ್ಟ ಮೂರು ಮಾತನ್ನು ಅಭ್ಯಾಸ ಮಾಡಿದೆ.

ಅಲ್ಲ, ನೀನು ಕಲಿಸಿದ್ದು ಎರಡು, ಒಂದು ನಾನೇ ಸೇರಿಸಿದ್ದು. ಅದು ಬೇಡವೇ ಬೇಡ, ಅದರಿಂದಲೇ ಎಲ್ಲ ಕೆಡುತ್ತದೆ ಅಂತ ನೀನು ಬೈದಿದ್ದೆ. ಆದರೆ ಅದಿಲ್ಲದೆ ಉಳಿದ ಎರಡು ನನ್ನ ಬಾಯಲ್ಲಿ ಹೊರಳುವುದಿಲ್ಲ. ನಾನು ಹೇಳಿದ್ದು ನಿಜ, ಅದನ್ನ ವಾಪಸ್ ತಗೊಳಲ್ಲ. ಇದು ನನ್ನದು. ಆದ್ರೆ ಹಿಂದಿನ ದಿನ ನಿಮ್ಮ ಹತ್ರ ಮುಚ್ಚಿಟ್ಟಿದ್ದು ತಪ್ಪು. ಇನ್ನೆಷ್ಟು ದಿನ ಇರ್ತೀವೋ, ಬೈಯೋಕಾದ್ರೂ ಬಾಯಿಬಿಡಿ. ಇವೆರಡು ನಿನ್ನವು.

ಆ ಗಾಜಿನ ಕಾರ್ಖಾನೆಯಲ್ಲಿ ನಡೆದದ್ದನ್ನು ನಿನಗೆ ಮತ್ತೆ ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಬರೆದಿಲ್ಲ. ಇವರು ಅಲ್ಲಿ ಮೇಸ್ತ್ರಿ, ನಾನು ಅಲ್ಲೇ ಗಾಯಕ್ಕೆ ಔಷಧ ಹಚ್ಚುವ ನರ್ಸು. ಕತ್ತರಿಸುವ ಯಂತ್ರದಲ್ಲಿ ಒಬ್ಬನ ಮೂರು ಬೆರಳು ಹೋದವು. ಕಟ್ಟು ಕಟ್ಟಿದವಳು ನಾನು. ಕೆಲಸ ಬೇಗ ಸಾಗಲಿ ಎಂದು, ಕೈ ಒಳಗೆ ಹೋಗದಂತೆ ಯಂತ್ರಕ್ಕೆ ಹಾಕಿದ್ದ ಜಾಲರಿ ಬಿಚ್ಚಿಸಿದ್ದು ಇವರೇ ಎಂದು ನೋವಿನಲ್ಲೂ ಅವನು ನನಗೆ ಹೇಳಿದ. ಬಿಚ್ಚಿಟ್ಟ ಜಾಲರಿ ಮೂಲೆಯಲ್ಲಿ ಬಿದ್ದಿದ್ದನ್ನು ನಾನೂ ನೋಡಿದ್ದೆ. ವಿಚಾರಣೆಯವರು ಮಾರನೆಯ ದಿನ ಕರೆಯುತ್ತಾರೆ ಎಂದು ಗೊತ್ತಿತ್ತು. ಹಿಂದಿನ ಸಂಜೆ ಇವರಿಗೆ ಊಟ ಬಡಿಸಿದೆ, ಪಕ್ಕದಲ್ಲಿ ಕುಳಿತು ಉಂಡೆ, ಏನು ಹೇಳುತ್ತೇನೆಂದು ಹೇಳಲಿಲ್ಲ. ಹೇಳಿದರೆ ತಡೆಯುತ್ತಾರೆ, ತಡೆದರೆ ನಾನು ಸೋಲುತ್ತೇನೆ ಎಂದು ಹೆದರಿದೆ. ನಾಲ್ಕು ಜನರ ಮುಂದೆ ಅವರು ಅದನ್ನು ನನ್ನ ಬಾಯಿಂದ ಕೇಳಬೇಕಾಯಿತು. ಇವರನ್ನು ಕೆಲಸದಿಂದ ತೆಗೆದರು. ಮನೆಗೆ ಬಂದು ಕೈಕಾಲು ತೊಳೆದರು, ತುಟಿ ಪಿಟಕ್ಕೆನ್ನಲಿಲ್ಲ. ನಾಳೆ ಸರಿಹೋಗುತ್ತಾರೆ ಎಂದು ನಾನೂ ಸುಮ್ಮನಿದ್ದೆ. ಆ ನಾಳೆ ಇನ್ನೂ ಬಂದಿಲ್ಲ.

ಹೋಗಲಿ, ಕನ್ನಡಿಯ ವಿಷಯಕ್ಕೆ ಬರುತ್ತೇನೆ. ಮೊದಲ ಬೆಳಗು ಮೊದಲ ಮಾತಿನಲ್ಲೇ ನಿಂತೆ. ಎರಡನೆಯ ಬೆಳಗು ಅಳು ಬಂತು. ಮೂರನೆಯ ಬೆಳಗು ಸಲೀಸಾಗಿ ಬಂದವು. ನಾಲ್ಕನೆಯ ಬೆಳಗಿಗೆ ನನಗೆ ಎಷ್ಟು ಧೈರ್ಯ ಬಂದಿತೆಂದರೆ ಅವರ ಪಾತ್ರವನ್ನೂ ನಾನೇ ಮಾಡಿದೆ. ಕನ್ನಡಿಗೆ ಕೈಮುಗಿಯುವುದು, ಆಮೇಲೆ ಅವರ ಹಾಗೆ ಹುಬ್ಬು ಗಂಟಿಕ್ಕುವುದು, ಆಯ್ತು ಬಿಡು ಎಂದು ತಲೆಯಾಡಿಸುವುದು. ಮೈಮೇಲೆ ಒಂದು ಟವೆಲ್, ಬಾಚದ ತಲೆ, ಅರವತ್ತು ದಾಟಿದ ಈ ದೇಹ. ದನಿ ಹೊರಗೆ ಹೋಗಬಾರದೆಂದು ನಾಲ್ಕು ದಿನವೂ ಬರೀ ತುಟಿಯಲ್ಲೇ ಆಡಿದೆ. ಒಳ್ಳೆಯ ನಾಟಕ.

ಐದನೆಯ ದಿನ ತಲೆನೋವೆಂದು ನಾನು ಕೋಣೆಯಲ್ಲೇ ಉಳಿದೆ. ಇವರು ಹೊರಗೆ ಹೋಗಿದ್ದರು. ಕಿಟಕಿಯ ಪರದೆ ಎಳೆದು, ಹಡಗು ಹತ್ತಿದ ಮೇಲೆ ಮೊದಲ ಸಲ ಆ ಹಾಸಿಗೆಯ ಮೇಲೆ ಮಲಗಿದೆ. ಅಷ್ಟರಲ್ಲಿ ಕೋಣೆ ಗುಡಿಸುವ ಹೆಂಗಸು ಬಂದಳು, ನನ್ನಷ್ಟೇ ವಯಸ್ಸಿನವಳು. ನೀವು ಮಲಗಿ, ನಾನು ಬಚ್ಚಲು ತೊಳೆದು ಹೋಗ್ತೀನಿ ಅಂದಳು. ಅವಳು ಬಚ್ಚಲ ಬಾಗಿಲು ತೆರೆದಳು, ಒಳಗೆ ದೀಪ ಹೊತ್ತಿಕೊಂಡಿತು. ಅಕ್ಕಾ, ನನ್ನ ಎದುರಿನ ಹೊಳೆಯುವ ಕಪ್ಪು ಗೋಡೆಯೇ ಮಾಯವಾಯಿತು. ಅವಳು ಸಿಂಕು ಉಜ್ಜುವುದು, ಅವಳ ಬೆರಳಿನ ಉಂಗುರ, ತನ್ನಷ್ಟಕ್ಕೆ ಏನೋ ಹಾಡಿಕೊಳ್ಳುತ್ತಾ ಅಲುಗುವ ಅವಳ ತುಟಿ, ಎಲ್ಲ ಕಾಣಿಸುತ್ತಿತ್ತು.

ನಾನು ಎದ್ದು ಕುಳಿತದ್ದನ್ನು ನೋಡಿ ಅವಳು ಹೊರಗೆ ಬಂದು ನಕ್ಕಳು. ಅದು ಕನ್ನಡಿಯಲ್ಲವಂತೆ, ಗಾಜು. ತೊಟ್ಟಿಯಲ್ಲಿ ಮಲಗಿದವರಿಗೆ ಹಾಸಿಗೆಯ ಆಚೆಯ ಸಮುದ್ರ ಕಾಣಲಿ ಎಂದು ಹಾಕಿರುವುದಂತೆ. ಒಳಗೆ ಬೆಳಕು, ಹೊರಗೆ ಕತ್ತಲು ಇದ್ದರೆ ಒಳಗಿದ್ದವರಿಗೆ ಕನ್ನಡಿಯಂತೆ ಕಾಣುತ್ತದೆ, ಅಷ್ಟೇ. ಒಂದು ಗುಂಡಿ ಒತ್ತಿದರೆ ಗಾಜು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಮೊದಲಿನಂತಾಗುತ್ತದೆ. ಇದೇ ಈ ಸೂಟಿನ ವಿಶೇಷ, ನಿಮ್ಮೆಜಮಾನ್ರು ತೋರಿಸ್ಲಿಲ್ವಾ ಅಂತ ಕೇಳಿದಳು. ನಾನೂ ನಕ್ಕೆ, ಬೇರೇನು ಮಾಡಲಿ. ಗಂಡ ಸ್ನಾನಕ್ಕೆ ಹೋದಾಗ ಸಮುದ್ರದ ಕಡೆ ಮುಖ ಮಾಡಿ ಕೂರುವ ಹೆಂಡತಿಗೆ ಮಾತ್ರ ಇಂಥ ತಪ್ಪು ಆಗಲು ಸಾಧ್ಯ. ಅದೂ ಗಾಜಿನ ಮೇಸ್ತ್ರಿಯ ಹೆಂಡತಿಗೆ.

ನಾಲ್ಕು ಬೆಳಗು, ಅಕ್ಕಾ. ಪಾಪ, ಅವರು ನಿದ್ದೆಯಲ್ಲಿದ್ದರೇನೋ ಎಂದು ನೀನು ಸಮಾಧಾನ ಹೇಳುತ್ತೀಯ. ಇವರಿಗೆ ಕನ್ನಡಕವಿಲ್ಲದೆ ತಮ್ಮ ಅಂಗೈಯೂ ಕಾಣುವುದಿಲ್ಲ. ಮಲಗುವ ಮೊದಲು ಕನ್ನಡಕವನ್ನು ಡಬ್ಬಿಯೊಳಗಿಟ್ಟು ಟಪ್ಪೆಂದು ಮುಚ್ಚುತ್ತಾರೆ, ಆ ಸದ್ದು ನನಗೆ ಸೋಫಾಕ್ಕೆ ಕೇಳಿಸುತ್ತದೆ. ನಾನು ಸ್ನಾನ ಮುಗಿಸಿ ಬರುವಾಗ ಆ ಡಬ್ಬಿ ನಾಲ್ಕು ದಿನವೂ ತೆರೆದು ಬಿದ್ದಿರುತ್ತಿತ್ತು. ಆಗ ಅದು ನನ್ನ ತಲೆಗೆ ಹತ್ತಿರಲಿಲ್ಲ.

ಬರೀ ತುಟಿಯಾಡಿಸಿದರೆ ಏನು ತಿಳಿಯುತ್ತದೆ ಅನ್ನಬೇಡ. ಆ ಕಾರ್ಖಾನೆಯ ಯಂತ್ರಗಳ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ, ತುಟಿ ನೋಡಿಯೇ ಎಲ್ಲ ನಡೆಯುತ್ತಿತ್ತು. ಮದುವೆಯಾದ ಹೊಸದರಲ್ಲಿ ಇವರು ಯಂತ್ರದ ಪಕ್ಕ ನಿಂತು ನನ್ನ ಕೋಣೆಯ ಕಿಟಕಿಯ ಗಾಜಿನಾಚೆಯಿಂದ ತುಟಿಯಲ್ಲೇ ಮಾತಾಡುತ್ತಿದ್ದರು. ನನಗೆ ಓದಲು ಬಂದದ್ದು ನಾಲ್ಕೇ ಮಾತು. ಊಟ ಆಯ್ತಾ, ಹೋಗೋಣ್ವಾ, ಇರು, ಸಾಕು. ಕೊನೆಯದು ನನಗಲ್ಲ, ಯಂತ್ರ ನಿಲ್ಲಿಸುವವನಿಗೆ ಹೇಳುತ್ತಿದ್ದದ್ದು. ಇವರಿಗಂತೂ ಎಷ್ಟು ದೂರದಿಂದಲೂ ಪೂರ್ತಿ ವಾಕ್ಯ ಓದಲು ಬರುತ್ತದೆ.

ಹಾಗಾದರೆ ನನ್ನ ಮಾತೆಲ್ಲ ಅವರಿಗೆ ತಲುಪಿಯಾಗಿತ್ತು. ತಲುಪಿಯೂ ಅವರು ಏನೂ ಆಗದವರಂತೆ ತಿಂಡಿಗೆ ಬಂದು ಕುಳಿತಿದ್ದರು. ಮೊದಲು ನಾಚಿಕೆಯಾಯಿತು, ಆಮೇಲೆ ಕೆಂಡದಂಥ ಸಿಟ್ಟು ಬಂತು. ಸಂಜೆಯ ಹೊತ್ತಿಗೆ ಎರಡೂ ಹೋಗಿ ಬೇರೆ ಯೋಚನೆ ಬಂತು. ಬೇಡವಾಗಿದ್ದರೆ ಮೊದಲ ದಿನವೇ ಮುಖ ತಿರುಗಿಸಬಹುದಿತ್ತಲ್ಲ? ದಿನಾ ಕನ್ನಡಕ ಹಾಕಿಕೊಂಡು ನೋಡಿದರಲ್ಲ? ಕನ್ನಡಿಗೆ ಹೇಳಿದ್ದನ್ನು ಬಿಟ್ಟು ತಮಗೇ ಹೇಳಲಿ ಎಂದು ಕಾಯುತ್ತಿರಬೇಕು ಎಂದು ನನ್ನ ಮನಸ್ಸನ್ನು ನಾನೇ ಒಪ್ಪಿಸಿದೆ.

ನಿನ್ನೆ ಬೆಳಿಗ್ಗೆ ಸ್ನಾನ ಮಾಡಿ, ತಲೆ ಬಾಚಿ, ನೀನು ಕೊಡಿಸಿದ ಹಸಿರು ಬಟ್ಟೆ ಹಾಕಿಕೊಂಡು ಗಾಜಿನ ಮುಂದೆ ನಿಂತೆ. ಬೇಕೆಂದೇ ದನಿಯಿಲ್ಲದೆ, ಒಂದೊಂದೇ ಮಾತು ನಿಧಾನವಾಗಿ ಆಡಿದೆ. ಕೋಣೆ ಕತ್ತಲಾಗಿತ್ತು, ಅವರು ಎಚ್ಚರವಿದ್ದರೋ ಇಲ್ಲವೋ ಕಾಣಲಿಲ್ಲ. ಎರಡನೆಯ ಮಾತಿನಲ್ಲಿರುವಾಗ ಗಾಜು ಇದ್ದಕ್ಕಿದ್ದಂತೆ ಬೆಳ್ಳಗಾಗಿಬಿಟ್ಟಿತು. ಕರೆಂಟಿನ ತಾಪತ್ರಯವಿರಬೇಕು, ಇಂಥ ಹೊಸ ಯಂತ್ರಗಳನ್ನು ನಂಬುವ ಹಾಗಿಲ್ಲ. ಹಾಗಾಗಿ ಮಾತು ಪೂರ್ತಿ ಹೇಳಲಾಗಲಿಲ್ಲ. ಮಾತಿಗೆ ಮಾತು ಬರಲಿಲ್ಲ, ಜಗಳವೂ ಆಗಲಿಲ್ಲ. ಇದಕ್ಕಿಂತ ಹೆಚ್ಚು ಹೇಳುವಂಥದ್ದೇನೂ ಇಲ್ಲ.

ನಾಳೆ ದಡ ಸೇರಿದ ಮೇಲೆ ಇದನ್ನು ಅಂಚೆಗೆ ಹಾಕುತ್ತೇನೆ. ಮಗಳು ಕೇಳಿದರೆ ಅಪ್ಪ ಅಮ್ಮ ತುಂಬ ಸಂತೋಷವಾಗಿದ್ದಾರೆ ಅನ್ನು. ಬಚ್ಚಲು ಬಹಳ ಚೆನ್ನಾಗಿತ್ತಂತೆ ಅನ್ನು. ನಿನ್ನ ಕಿವಿಯ ಡಾಕ್ಟರನ್ನು ನೋಡುವುದು ಮರೆಯಬೇಡ.

ಇತಿ ನಿನ್ನ ತಂಗಿ,
ಮೊಂಡಿ

ಮರೆತಿದ್ದು: ಅಂಟು ಹಚ್ಚುವ ಮೊದಲು ಮತ್ತೆ ಓದಿದೆ. ನಿನಗೂ ಸುಳ್ಳು ಹೇಳಿದರೆ ನಿಜ ಹೇಳಲು ನನಗಿನ್ಯಾರಿದ್ದಾರೆ. ಕರೆಂಟು ಹೋಗಿರಲಿಲ್ಲ. ಕೋಣೆ ಕತ್ತಲಾಗಿಯೂ ಇರಲಿಲ್ಲ, ಅವರ ಮುಖ ಕಾಣಲಿ ಎಂದು ಕಿಟಕಿಯ ಪರದೆಯನ್ನು ನಾನೇ ಸರಿಸಿ ಬಂದಿದ್ದೆ. ದಿಂಬಿಗೆ ಒರಗಿ, ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದರು. ನನಗೆ ಅವರು ಕಾಣುತ್ತಿದ್ದಾರೆ ಎಂದು ಅವರಿಗೂ ಗೊತ್ತಾಯಿತು. ನಾನು ಮೂರು ಮಾತನ್ನೂ ಹೇಳಿ ಮುಗಿಸಿದೆ. ಮಾತು ಬಂತಾ ಎಂದು ಕೇಳುತ್ತೀಯಲ್ಲ, ಬಂತು ಅಕ್ಕಾ. ಅವರ ತುಟಿ ಅಲುಗಿತು, ನನಗೆ ಓದಲು ಬರುವ ನಾಲ್ಕು ಮಾತಿನಲ್ಲಿ ಕೊನೆಯದು. ಸಾಕು. ಆಮೇಲೆ ಕೈ ಚಾಚಿ ಗುಂಡಿ ಒತ್ತಿದರು. ಆ ಗುಂಡಿ ಇರುವುದು ಒಂದೇ, ಅವರ ದಿಂಬಿನ ಪಕ್ಕದಲ್ಲಿ. ಇವತ್ತು ಬೆಳಿಗ್ಗೆ ನಾನು ಒಳಗೆ ಹೋಗುವ ಮೊದಲೇ ಗಾಜು ಬೆಳ್ಳಗಿತ್ತು.