ಅವ್ವನ ರೇಡಿಯೊ ಚಕ್ರಕ್ಕೆ ಹೊಂದುವ ಎಣ್ಣೆ

ಹುದಿಕೇರಿ, ಕೊಡಗು ರಾಜ್ಯ
ನವೆಂಬರ್ ೧೦, ೧೯೫೫

ಕೋವಿ ಎಣ್ಣೆಯ ಸಾರ್ವಭೌಮನೂ ನನ್ನ ಹೆಂಡತಿಯ ಒಬ್ಬನೇ ತಮ್ಮನೂ ಆದ ಪೂವಯ್ಯನಿಗೆ,

ನಾವೆಲ್ಲ ಕ್ಷೇಮ, ರೇಡಿಯೊ ಒಂದನ್ನು ಬಿಟ್ಟು. ಅದಕ್ಕೆ ಕಾರಣ ಯಾರೆಂದು ಬಾಯಿಬಿಡಲು ನಿನ್ನ ಅಕ್ಕ ಯಮುನ ಎರಡು ತಿಂಗಳಿಂದ ನನ್ನನ್ನು ಬಿಟ್ಟಿಲ್ಲ. ಇವತ್ತು ಅವಳು ಕುಟ್ಟಕ್ಕೆ ಹೋಗಿದ್ದಾಳೆ. ಆದ್ದರಿಂದ ಈ ಪತ್ರ.

ಕೈಲ್ ಮುಹೂರ್ತದ ಆಯುಧಪೂಜೆಯ ದಿನ ನೀನು ನಮ್ಮ ಕೋವಿಗೆ ಎಣ್ಣೆ ಹಾಕಿದೆ, ಸಂತೋಷ. ಬಾಗಿಲಿನ ತಿರುಗಣಿಗೆ ಹಾಕಿದೆ, ಹೊಲಿಗೆ ಯಂತ್ರಕ್ಕೆ ಹಾಕಿದೆ, ಯಾರೂ ಕೇಳದಿದ್ದರೂ ನನ್ನ ಕೊಡೆಗೂ ಹಾಕಿದೆ. ಅಲ್ಲಿಗೆ ಕೈ ತೊಳೆಯಬಾರದಿತ್ತೇ ಮಹಾರಾಯ? ಸ್ಟೇಷನ್ ಹಿಡಿಯುವ ಚಕ್ರ ಬಿಗಿ ಎಂದು ನನ್ನ ಅವ್ವ ಅಂದದ್ದೇ ತಡ, "ಇಷ್ಟೇನಾ ಅತ್ತೆ? ತಡೀರಿ!" ಎಂದು ಸೀಮೆಎಣ್ಣೆ ಬೆರೆಸಿದ ಅದೇ ಎಣ್ಣೆಯನ್ನು ಅದಕ್ಕೂ ಸುರಿದೆ. ಅದು ಪ್ಲಾಸ್ಟಿಕ್ ಕಣಯ್ಯ, ಕಬ್ಬಿಣವಲ್ಲ! ಮೂರನೆಯ ದಿನ ಕೂದಲೆಳೆಯಂಥ ಬಿರುಕು. ಐದನೆಯ ದಿನ ಚಕ್ರ ಅವ್ವನ ಕೈಯಲ್ಲೇ ಚೂರುಚೂರು.

ಕಣ್ಣಿಗೆ ಪೊರೆ ಬಂದ ಮೇಲೆ ಅವ್ವ ಯಾರ ಹಂಗೂ ಇಲ್ಲದೆ ಮಾಡುತ್ತಿದ್ದದ್ದು ಆ ಚಕ್ರ ತಿರುಗಿಸುವ ಕೆಲಸವೊಂದೇ. ಆಮೇಲೆ ನಾನು ಇಕ್ಕಳ ಹಿಡಿದು ಸ್ಟೇಷನ್ ಹುಡುಕಬೇಕಾಯಿತು. ಎರಡು ದಿನ ನನ್ನನ್ನು ಕರೆದಳು. ಮೂರನೆಯ ದಿನದಿಂದ ರೇಡಿಯೊ ಕೇಳುವುದನ್ನೇ ಬಿಟ್ಟಳು.

ಕೊನೆಗೂ ಮದ್ರಾಸಿನಿಂದ ಹೊಸ ಚಕ್ರ ಬಂತು. ಹಾಕಿ ನೋಡಿದರೆ ಅದೂ ಬಿಗಿ! ಗೋಣಿಕೊಪ್ಪದಲ್ಲಿ ರೇಡಿಯೊ ರಿಪೇರಿ ಮಾಡುವ ಜವರಪ್ಪ ಕೈ ಮುಗಿದ: "ಸ್ವಾಮಿ, ಇದೂ ಹೋದ್ರೆ ಇನ್ನೊಂದು ಸಿಗಾಕಿಲ್ಲ. ಇದೇ ಜಾತಿ ಹಳೇ ಚಕ್ರದ ಚೂರು ಕೊಡ್ತೀನಿ. ಏನೇ ಹಚ್ಚೋದಿದ್ರೂ ಮೊದ್ಲು ಅದಕ್ಕೆ ಹಚ್ಚಿ ಎಂಟು ದಿವ್ಸ ನೋಡಿ."

ಊರಿನ ಸಲಹೆಗಳನ್ನೆಲ್ಲ ಒಂದೊಂದು ಚೂರಿಗೆ ಹಚ್ಚಿ ಕಿಟಕಿಯಲ್ಲಿ ಸಾಲಾಗಿ ಕೂರಿಸಿದೆ. ತೆಂಗಿನೆಣ್ಣೆ ನಮ್ಮ ಚಳಿಗೆ ಬೆಣ್ಣೆಯಾಯಿತು. ಬಸ್ ಡ್ರೈವರ್ ಕೊಟ್ಟ ಇಂಜಿನ್ ಎಣ್ಣೆಗೆ ಚೂರು ಮೆತ್ತಗಾಯಿತು. ಹಂದಿ ಕೊಬ್ಬು ಹಚ್ಚಿದ್ದನ್ನು ಇಲಿ ಹೊತ್ತೊಯ್ದಿತು. ಫಲಿತಾಂಶವನ್ನು ಅದನ್ನೇ ಕೇಳಬೇಕು. ನಿನಗೂ ನ್ಯಾಯ ಸಿಗಲಿ ಎಂದು ನಿನ್ನ ಎಣ್ಣೆಗೆ ಇನ್ನೊಂದು ಅವಕಾಶ ಕೊಟ್ಟೆ. ಅದು ಈ ಚೂರನ್ನೂ ಬಿರಿಸಿತು. ಜವರಪ್ಪನ ಬಿಳಿ ಸಿಲಿಕೋನ್ ಗ್ರೀಸ್ ಹಚ್ಚಿದ್ದು ಮಾತ್ರ ಎಂಟು ದಿನವಾದರೂ ಮದುಮಗನ ಹಾಗೆ ಕೂತಿತ್ತು.

ನಿನ್ನೆ ವಿಜಯೋತ್ಸಾಹದಲ್ಲಿ ಗ್ರೀಸ್ ಹಿಡಿದು ಹೋದರೆ, ಅವ್ವ ಬಿಚ್ಚಿಟ್ಟಿದ್ದ ಚಕ್ರವನ್ನು ಮಡಿಲಿಗೆ ಹಾಕಿಕೊಂಡಳು.

"ಪೂವಯ್ಯ ಬರ್ಲಿ. ಅವನೇ ಹಚ್ಚಲಿ."

"ಒಡೆದವನೇ ಅವನಲ್ವಾ ಅವ್ವ!"

"ಬಿಗಿ ಅಂತ ಮಳೆ ಹಿಡಿದಾಗಿಂದ ನಿಂಗೆ ಹೇಳ್ತಾನೇ ಇದ್ದೆ. ನಾನೇ ಬಂದು ತಿರುಗಿಸ್ತೀನಿ ಅಂದೆ ನೀನು. ನಿಮ್ಮ ಕೈಯಲ್ಲೇ ತಿರುಗೋ ಹಾಗೆ ಮಾಡ್ತೀನಿ ಅಂದೋನು ಅವನೊಬ್ಬನೇ."

ಗ್ರೀಸನ್ನು ಹಾಗೇ ವಾಪಸು ತಂದು ಕಪಾಟಿನಲ್ಲಿಟ್ಟೆ. ಸಿಟ್ಟು ಮಾತ್ರ ಇದೆ, ಅದನ್ನು ಯಾರ ಮೇಲೆ ಹಾಕಲಿ ಎಂದು ಗೊತ್ತಿಲ್ಲ. ಪುತ್ತರಿ ಹಬ್ಬದವರೆಗೆ ಕಾಯಬೇಡ, ಶನಿವಾರವೇ ಶ್ರೀಮಂಗಲದಿಂದ ಬಸ್ಸು ಹತ್ತು. ಅಕ್ಕಿಕಾಳಿನಷ್ಟು ಗ್ರೀಸ್ ಸಾಕು, ನಾನೇ ಅಳೆದು ಕೊಡುತ್ತೇನೆ. ಗೇಟಿನಲ್ಲಿ ನಿನ್ನ ಜೇಬು ಹುಡುಕಿದರೆ ಬೇಸರ ಮಾಡಿಕೊಳ್ಳಬೇಡ.

ನಿನ್ನ ಕೈಗೆ ಗುಣ ಬರಲಿ, ನಿನಗೆ ನೂರು ವರ್ಷ ಆಯಸ್ಸು ಬರಲಿ. ಅವ್ವ ಈಗಾಗಲೇ ರೇಡಿಯೊ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಳೆ.

ಸೋತ ನಿನ್ನ ಭಾವ,
ಬೆಳ್ಯಪ್ಪ