ಕಾಗದದ ಟ್ಯುಲಿಪ್‌ಗಳ ನಡುವೆ

ಬರ್ಲಿನ್,
ಫೆಬ್ರವರಿ ೯, ೧೯೩೧

ಪ್ರೀತಿಯ ಮಾರ್ಗಿಟ್ ಅಕ್ಕಾ,

ಕೆಮ್ಮು ಹೇಗಿದೆ? ಹೇಗ್ ನಗರದ ಸಮುದ್ರಗಾಳಿ ನಿನಗೆ ಆಗಿಬರುವುದಿಲ್ಲವೆಂದು ಅಮ್ಮ ದಿನವೂ ಗೊಣಗುತ್ತಾಳೆ. ರಾಯಭಾರ ಕಚೇರಿಯ ಔತಣಗಳಿಗೆ ತೋಳಿಲ್ಲದ ಉಡುಪು ತೊಡಬೇಡ, ಭಾವ ಹೇಳಿದರೂ ಸರಿಯೇ.

ನನ್ನ ಕೆಲಸ ಸಾಗಿದೆ. ಸಾಹಿತ್ಯ ಓದಿದವಳು ಸ್ಟುಡಿಯೋದಲ್ಲಿ ನಟರಿಗೆ ಮಾತು ಕಂಠಪಾಠ ಮಾಡಿಸುತ್ತೇನೆ. ಚಿತ್ರಗಳು ಮಾತಾಡಲು ತೊಡಗಿದ ಮೇಲೆ ಇಲ್ಲಿ ಎಲ್ಲರಿಗೂ ಹೂಕುಂಡವೆಂದರೆ ಭಯ. ಮೈಕು ಅಡಗಿರುವುದು ಅದರೊಳಗೇ. ನಮ್ಮ ಚಿತ್ರದ ಕಥೆ ನಿನಗೆ ಗೊತ್ತಲ್ಲ, ರಾಯಭಾರಿಯ ಹೆಂಡತಿ ವೈರಿ ದೇಶದ ಅಧಿಕಾರಿಯೊಬ್ಬನನ್ನು ಪ್ರೀತಿಸುತ್ತಾಳೆ. ಕೊನೆಯಲ್ಲಿ ನಾಯಕಿ ಬೆನ್ನು ತಿರುಗಿಸಿ ಒಂದು ಮಾತು ಹೇಳಬೇಕು. ಎಷ್ಟು ಕಲಿಸಿದರೂ ಅವಳ ಬಾಯಲ್ಲಿ ಅದು ಅಂಗಡಿಯಲ್ಲಿ ಬೆಣ್ಣೆ ಕೇಳಿದ ಹಾಗೆ ಬರುತ್ತಿತ್ತು.

ಕ್ರಿಸ್‌ಮಸ್ ರಜೆಯಲ್ಲಿ ನೀನು ಚಿತ್ರೀಕರಣ ನೋಡಲು ಬಂದ ದಿನ, ಊಟದ ಬಿಡುವಿಗೆ ನಾವೆಲ್ಲ ಕ್ಯಾಂಟೀನಿಗೆ ಹೋದೆವು. ನೀನು ಸೆಟ್ಟಿನಲ್ಲಿ ಹಾಕಿದ್ದ ಔತಣದ ಮೇಜಿನ ಬಳಿಯೇ ಉಳಿದೆ. ನಟರಿಗೆ ಔತಣದ ರೀತಿನೀತಿ ಹೇಳಿಕೊಡಲು ಬರುತ್ತಿದ್ದ ಫ್ರೆಂಚ್ ರಾಯಭಾರ ಕಚೇರಿಯ ಲೂಸಿಯೆನ್ ಅವರೂ ಉಳಿದರು. ಕಾಗದದ ಟ್ಯುಲಿಪ್‌ಗಳ ನಡುವಿನ ಮೈಕನ್ನು ಆರಿಸಲು ಯಾರಿಗೂ ನೆನಪಾಗಲಿಲ್ಲ. ಧ್ವನಿ ಹಿಡಿಯುವ ಕ್ರಾಮರ್ ತನ್ನ ಗಾಜಿನ ಗೂಡಿನಲ್ಲಿ ಬ್ರೆಡ್ಡು ತಿನ್ನುತ್ತ ಹೊಸ ಫಿಲ್ಮನ್ನು ಪರೀಕ್ಷೆಗೆ ಓಡಿಸುತ್ತಿದ್ದ.

ಮರುದಿನ, "ಬನ್ರೋ, ನಮ್ಮ ಟ್ಯುಲಿಪ್‌ಗೆ ಪ್ರೀತಿ ಹುಟ್ಟಿದೆ!" ಎಂದು ಎಲ್ಲರನ್ನೂ ಕರೆದು ಆ ಫಿಲ್ಮಿನಲ್ಲಿ ದಾಖಲಾದದ್ದನ್ನು ಕೇಳಿಸಿದ. "ನನ್ನನ್ನ ಹೋಗೋಕೆ ಬಿಡು... ಈಗಲೇ ಬೇಡ." ನಿನ್ನ ದನಿ, ಅಕ್ಕಾ. ಎಲ್ಲರೂ ನಕ್ಕರು. ನಿರ್ದೇಶಕರು ಮಾತ್ರ, "ಸುಮ್ನಿರ್ರೋ ಕತ್ತೆಗಳಾ! ನಮ್ಮ ಮಹಾರಾಣಿಗೆ ಬಾರದೇ ಇರೋದು ಇದೇ ಕಣ್ರೋ. ಯಾರದು ಈ ದನಿ?" ಎಂದರು. ನನ್ನನ್ನೂ ಕೇಳಿದರು. ಗೊತ್ತಿಲ್ಲ ಎಂದೆ. ಕಿವಿ ಕೆಂಪಾದದ್ದನ್ನು ನಾಚಿಕೆ ಎಂದುಕೊಂಡರು. ನನ್ನ ಸಂಕೋಚ ಅಷ್ಟಕ್ಕಾದರೂ ಒದಗಿತು.

ಲೂಸಿಯೆನ್ ಅವರನ್ನು ಪ್ರೀತಿಸುತ್ತೀಯಾ ಎಂದು ನಾನು ಕೇಳುವುದಿಲ್ಲ. ಆ ದನಿ ಕೇಳಿದ ಮೇಲೆ ಕೇಳಲು ಉಳಿದದ್ದೇನು? ನಮ್ಮ ಮನೆಯಲ್ಲಿ ನೀನು ಎಂದೂ ಹಾಗೆ ಮಾತಾಡಿದವಳಲ್ಲ.

ಅಮ್ಮನಿಂದ ನಿನಗೆ ಪ್ರೀತಿಯ ಮುತ್ತುಗಳು. ಭಾವನಿಗೆ ನಮಸ್ಕಾರ ಹೇಳು ಎಂದು ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಹೇಳು.

ನಿನ್ನ
ಟಿಲ್ಲಾ

ವಿ.ಸೂ.: ಇಷ್ಟು ಹೊತ್ತೂ ಬರೆಯಲಾರದೆ ಹೋದೆ. ನಿರ್ದೇಶಕರು ನಿನ್ನ ದನಿಯ ಆ ಮಾತನ್ನೇ ಚಿತ್ರದಲ್ಲಿ ನಾಯಕಿಯ ತಿರುಗಿದ ಬೆನ್ನಿಗೆ ಅಂಟಿಸಿಬಿಟ್ಟಿದ್ದಾರೆ. ತೆಗೆದುಹಾಕಿ ಎಂದು ಬೇಡಿಕೊಂಡೆ. ಕಾರಣ ಕೇಳಿದರು, ಹೇಳಿದರೆ ನಿನ್ನ ಹೆಸರು ಹೊರಬೀಳುತ್ತಿತ್ತು. ಮುಂದಿನ ತಿಂಗಳು ಚಿತ್ರ ನಿಮ್ಮೂರಿಗೆ ಬರುತ್ತದೆ. ಭಾವನಿಗೆ ಆಹ್ವಾನ ಆಗಲೇ ಹೊರಟಿದೆ. ಕತ್ತಲಲ್ಲಿ ನೀನು ಪಕ್ಕದಲ್ಲೇ ಬಾಯಿಮುಚ್ಚಿ ಕುಳಿತಿರುವಾಗ ಪರದೆಯಿಂದ ನಿನ್ನ ದನಿ ಅವರಿಗೆ ಕೇಳಿಸುತ್ತದೆ. ಅದಕ್ಕೆ ಮೊದಲು ನಿನ್ನ ಬಾಯಿಂದಲೇ ಕೇಳಲಿ, ಅಕ್ಕಾ.