ಯಜಮಾನರ ಹೆಸರು

12 ಫೆಬ್ರವರಿ, ಸೋಮವಾರ

ಬೆಳಗಿನ ಡ್ಯೂಟಿ. ಆಕ್ಸಿಜನ್ ನೋಡಿದೆ, ಬಿ.ಪಿ. ಮಿಷನ್ ನೋಡಿದೆ. ಆಂಬುಲೆನ್ಸ್ ಅರಕಲಗೂಡಲ್ಲಿ ಹೊಂಗೆ ಮರದ ಕೆಳಗೆ. ಹಾಸನದ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟದ್ದೇ ತಲೆಯಲ್ಲಿ. ನಗಿಸು. ಕೈ ಎತ್ತಿಸು, ಕಾಲು ಎತ್ತಿಸು. ಕಣ್ಣು ಒಂದೇ ಕಡೆ ವಾಲಿದೆಯಾ ನೋಡು. ಮಾತಾಡಿಸು. ಒಂದೊಂದರಲ್ಲೂ ಎಷ್ಟು ದೋಷವೋ ಅಷ್ಟು ಅಂಕ, ಮಾತಿಗೆ ಎರಡರವರೆಗೂ. ಕಮ್ಮಿ ಬಂದರೆ ಸ್ಟ್ರೋಕ್ ಸಣ್ಣದು, ಹತ್ತಿರದ ಆಸ್ಪತ್ರೆ. ಐದು ಮುಟ್ಟಿದರೆ ದೊಡ್ಡದು — ಎಲ್ಲೂ ನಿಲ್ಲದೆ ಹಾಸನ.

ಡ್ರೈವರ್ ಅನಿಲ್‌ಕುಮಾರನ ಮೇಲೆ ಅಭ್ಯಾಸ ಮಾಡಿದೆ. ನಗು ಅಂದರೆ ಅವನ ಬಾಯಿ ಸೊಟ್ಟಗೆ ಹೋಯಿತು. ಎಲೆಅಡಿಕೆ ಒಂದೇ ದವಡೆಗೆ ಸೇರಿಸಿದ್ದ. "ನಂಗೆ ಹುಟ್ಟಿದಾಗ್ಲೇ ಹೊಡ್ದೈತೆ ಶೋಭಕ್ಕ, ಸಾಗ್ಸು ಹಾಸನಕ್ಕೆ" ಅಂದ. ನಕ್ಕೆ. ಅಂಕ ಹಾಕೋಳು ನಾನು. ತಪ್ಪು ಹಾಕಿದರೆ?

13 ಫೆಬ್ರವರಿ, ಸಂಜೆ

ಇವತ್ತಿನದು ಬರೆದಿಡಬೇಕು.

ಹಾಸನ ರಸ್ತೆ ಕಡೆಯ ಒಂದು ಹಳ್ಳಿಯಿಂದ ಕರೆ. ಮಲ್ಲಿಗಮ್ಮ ಅಂತ, ಅರವತ್ತರ ಹತ್ತಿರ. ಕಣದಲ್ಲಿ ರಾಗಿ ತೂರುತ್ತಿದ್ದವರು ಮೊರದ ಸಮೇತ ವಾಲಿಬಿಟ್ಟಿದ್ದಾರೆ. ಹೋಗುವಷ್ಟರಲ್ಲಿ ಜಗಲಿಗೆ ಒರಗಿಸಿದ್ದರು. ಬಾಯಿ ಬಲಗಡೆ ಜೋತಿದೆ. ನಾನು ಕೈ ಎತ್ತಿ ತೋರಿಸಿದೆ. ಅವರೂ ಎತ್ತಿದರು, ಬಲಗೈ ಇಳಿದುಹೋಯಿತು. ಬಲಗಾಲೂ ಹಾಗೇ. ಕಣ್ಣು ಎಡಕ್ಕೇ ಎಳೆದಿದೆ. ನಾಲ್ಕು.

ಉಳಿದದ್ದು ಮಾತು. ಫಾರಂಗೂ ಬೇಕಲ್ಲ ಅಂತ ಕೇಳಿದೆ — ಯಜಮಾನರ ಹೆಸರೇನಮ್ಮ?

ಸುಮ್ಮನೆ ನನ್ನ ಮುಖ ನೋಡಿದರು. ಆಮೇಲೆ ಸಣ್ಣಗೆ ನಕ್ಕರು.

ನಾದಿನಿ ಬಸವಲಿಂಗಮ್ಮ ಆ ಗಾಬರಿಯಲ್ಲೂ ಸೆರಗು ಬಾಯಿಗೆ ಹಿಡಿದರು. "ಅದೊಂದ ಬುಟ್ಟು ಬ್ಯಾರೆ ಏನಾರ ಕೇಳು ಸಿಸ್ಟ್ರೇ. ಮದ್ವೆ ಆದಾಗಿಂದ ನಮ್ಮಣ್ಣನ ಹೆಸ್ರ ಬಾಯಾಗೆ ಎತ್ತಿಲ್ಲ ಇವ್ಳು."

ಪಕ್ಕದಲ್ಲೇ ನಿಂತಿದ್ದ ಗಂಡ ತಾವೇ ಹೇಳಿದರು, ಗುಂಡಯ್ಯ ಅಂತ. ನಮ್ಮಜ್ಜಿಯೂ ಹಾಗೇ. ತಾತನನ್ನು ಕರೆಯಬೇಕಾದರೆ ಕೆಮ್ಮೋಳು. ನನಗೂ ನಗು ಬಂತು. ಮಾತಿಗೆ ಸೊನ್ನೆ ಹಾಕಿದೆ. ಬೇರೆ ಏನೂ ಕೇಳಲಿಲ್ಲ.

ನಾಲ್ಕೇ ಅಲ್ಲವಾ — ಬಸವಲಿಂಗಮ್ಮನನ್ನು ಜೊತೆಗೆ ಹತ್ತಿಸಿಕೊಂಡು ಗಾಡಿ ಅರಕಲಗೂಡಿನ ಆಸ್ಪತ್ರೆ ಕಡೆಗೇ ತಿರುಗಿತು.

ದಾರಿಯಲ್ಲಿ ಬಿ.ಪಿ. ನೋಡ್ತಾ ಅಂದೆ, ಕಣ್ಣು ಮುಚ್ಚಿಕೊಳ್ಳಿ ಅಮ್ಮ. ಕೈಯಲ್ಲಿ ತೋರಿಸಲಿಲ್ಲ, ಬರೀ ಬಾಯಲ್ಲಿ ಹೇಳಿದೆ. ಕಣ್ಣು ಬಿಟ್ಟುಕೊಂಡೇ ಇದ್ದರು. ಮುಷ್ಟಿ ಹಿಡೀರಿ ಅಂದೆ. ನಕ್ಕರು.

ಜಗಲಿ ಮೇಲೆ ನಕ್ಕದ್ದೂ ಅದೇ ನಗು. ನಾಚಿಕೆಯಲ್ಲ. ನಾನು ಏನು ಕೇಳಿದೆ ಅನ್ನೋದೇ ಅವರಿಗೆ ತಿಳಿದಿರಲಿಲ್ಲ...

ಮಾತಿಗೆ ಸೊನ್ನೆಯಲ್ಲ, ಎರಡು. ನಾಲ್ಕಲ್ಲ, ಆರು.

ಅನಿಲ್, ತಿರುಗಿಸು, ಹಾಸನ ಅಂದೆ. ಅವನು ಅಲ್ಲೇ ಗಾಡಿ ತಿರುಗಿಸಿದ. ಫೋನ್ ಮಾಡಿ ಹಾಸನದವರಿಗೆ ತಿಳಿಸಿದೆ. ಮತ್ತೆ ಅದೇ ಹಳ್ಳಿ ಮುಂದೆಯೇ ಹೋಗಬೇಕು. ಗುಂಡಯ್ಯ ಇನ್ನೂ ರಸ್ತೆಯಲ್ಲೇ ನಿಂತಿದ್ದರು. ಗಾಡಿ ಎದುರಿನಿಂದ ಬರೋದು ನೋಡಿ ಕೈ ಅಡ್ಡ ಹಿಡಿದರು. ನಿಲ್ಲಿಸಲಿಲ್ಲ.

14 ಫೆಬ್ರವರಿ

ಒಪ್ಪಿಸಿ ಬಂದ ಮೇಲೆ ಏನಾಯಿತು ಅಂತ ನಮಗೆ ಯಾರೂ ಹೇಳಲ್ಲ. ಸ್ಟ್ರೆಚರ್ ಒಳಗೆ, ಬಾಗಿಲು ಮುಚ್ಚಿತು, ಮುಗೀತು. ಅರಕಲಗೂಡಿನ ಕಡೆ ಹೋಗಿ ತಿರುಗಿದ್ದು ಒಂದು ಟೀ ಕುಡಿಯೋ ಹೊತ್ತು ಅಷ್ಟೇ, ಬುಡು ಅಂತಾನೆ ಅನಿಲ್. ಆ ಹೊತ್ತಲ್ಲಿ ಮಿದುಳು ಎಷ್ಟು ಸಾಯುತ್ತೆ ಅಂತ ಟ್ರೈನಿಂಗ್‌ನಲ್ಲಿ ಹೇಳಿದ್ದರು. ಬರೆಯಲ್ಲ.

20 ಫೆಬ್ರವರಿ

ಹೊಳೆನರಸೀಪುರದ ರಸ್ತೆಯಲ್ಲಿ ಒಬ್ಬ ಅಜ್ಜ, ತಲೆಸುತ್ತು. ಹೆಂಡತಿ ಹೆಸರು ಕೇಳಿದರೆ ಎರಡು ಹೇಳಿದ. ಗಾಬರಿಯಾಯಿತು. ಮಗ ತಲೆ ತಗ್ಗಿಸಿ, ಇಬ್ಬರು ಇರೋದು ನಿಜ ಸಿಸ್ಟರ್ ಅಂದ. ಅನಿಲ್ ಊರಿಗೆ ಬರೋವರೆಗೂ ನಕ್ಕ.

ಈಗ ಎಲ್ಲರನ್ನೂ ಎಲ್ಲವನ್ನೂ ಕೇಳ್ತೀನಿ. ಕಣ್ಣು ಮುಚ್ಚಿ, ಮುಷ್ಟಿ ಹಿಡೀರಿ, ಇದೇನು, ಅದೇನು. ಜನ ಬೇಜಾರಾಗ್ತಾರೆ. ಆಗಲಿ.

ಬಸವಲಿಂಗಮ್ಮನ ನಂಬರ್ ಇದೆ. ಒತ್ತಲಿಲ್ಲ.

9 ಮಾರ್ಚ್, ಶನಿವಾರ

ಹಾಸನದಿಂದ ಖಾಲಿ ಗಾಡಿ ವಾಪಸ್. ಆ ಹಳ್ಳಿ ಬಂದಾಗ ಅನಿಲ್ ತಾನಾಗಿಯೇ ನಿಲ್ಲಿಸಿದ. ಹೋಗ್ ಬಾ ಅಂದ. ಮೊದಲು ಕಿಟಕಿಯಿಂದಲೇ ಇಣುಕಿದೆ. ಮನೆ ಮುಂದೆ ಯಾರೂ ಇಲ್ಲ...

ಇದ್ದರು. ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ದರು ಮಲ್ಲಿಗಮ್ಮ. ಬಲಗೈ ನಿಧಾನ, ಆದರೂ ಸುಲೀತಿತ್ತು. ನನ್ನ ನೋಡಿ ಪಕ್ಕದ ಜಾಗ ತಟ್ಟಿದರು. "ಉಪ್ಪು" ಅಂದರು.

ಕೂತ್ಕೋ ಅಂತಾವ್ಳೆ ಅಂದರು ಗುಂಡಯ್ಯ. ಬಾಯಿಗೆ ಬರೋದು ಅದೊಂದೇ ಮಾತು, ನೀರೂ ಉಪ್ಪೇ, ಎಮ್ಮೆಯೂ ಉಪ್ಪೇ, ಗಂಡನೂ ಉಪ್ಪೇ ಅಂತೆ. ಹೇಳಿದ್ದು ಈಗೀಗ ಅರ್ಥ ಆಗುತ್ತೆ, ತಿರುಗಿ ಹೇಳೋಕೆ ಬರಲ್ಲ. ದೊಡ್ಡ ಡಾಕ್ಟರು ಆರು ತಿಂಗಳು ನೋಡೋಣ ಅಂದಿದ್ದಾರಂತೆ. "ಅವತ್ತು ನೀನು ಹಾಸನಕ್ಕೆ ಓಡ್ಸಿದ್ದಕ್ಕೆ ಇಷ್ಟಾರ ಉಳ್ಕಂಡ್ಲು ಕಣವ್ವ" ಅಂದರು. ತಲೆ ಆಡಿಸಿದೆ. ಅವತ್ತು ಜಗಲಿಯಲ್ಲೇ ಇನ್ನೊಂದು ಮಾತು ಕೇಳಿದ್ದರೆ, ಉಪ್ಪಿನ ಜೊತೆ ಇನ್ನೂ ನಾಲ್ಕು ಮಾತು ಉಳೀತಿತ್ತಾ? ಇಲ್ಲವಾ? ಯಾರನ್ನ ಕೇಳೋದು.

ಹೊರಡುವಾಗ ಮಲ್ಲಿಗಮ್ಮ ನನ್ನ ಕೈ ಹಿಡಿದರು, ಬಲಗೈಯಲ್ಲೇ. ಹಿಡಿತ ಪರವಾಗಿಲ್ಲ — ಆಗಲೂ ಅಂಕ ಹಾಕ್ತಿದ್ದೆ. ಏನೋ ಹೇಳೋಕೆ ಬಾಯಿ ತೆರೆದರು. ಉಪ್ಪಲ್ಲ, ತುಟಿ ಬೇರೆ ಥರ ಬಂತು. ಕಾದೆ. ಗುಂಡಯ್ಯನೂ ಕಾದರು.

ಅನಿಲ್ ಹಾರ್ನ್ ಹೊಡೆದ. ಕೇಸ್ ಬಂದಿದೆ ಅಂತ. ಮಲ್ಲಿಗಮ್ಮ ಕೈ ಬಿಟ್ಟು, ಹೋಗು ಅನ್ನೋ ಹಾಗೆ ಬೆನ್ನಿಗೆ ತಳ್ಳಿದರು. ಓಡಿದೆ. ಗಾಡಿ ಹತ್ತುವಾಗ ತಿರುಗಿ ನೋಡಿದೆ, ತುಟಿ ಇನ್ನೂ ಹಾಗೇ ಇತ್ತು, ಉಪ್ಪಲ್ಲದ ಆ ಒಂದು ಮಾತಿಗೆ ಕಾಯುತ್ತಾ.